ಹದಿಮೂರು ತಿಂಗಳ ‘ದೇಶ’ ಮತ್ತು ಕನ್ನಡಿಗನ ಗುರುತು

(ತುಮಕೂರಿನಲ್ಲಿ ನಡೆದ ಕನ್ನಡ ಯುವಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ತುಮಕೂರು ನಗರದವರಷ್ಟೇ ಅಲ್ಲ, ಗುಬ್ಬಿಯಿಂದ, ಕುಣಿಗಲ್ಲಿನಿಂದ ಬೆಳಗಿನ ಬಸ್ಸು ಹಿಡಿದು ಬಂದವರೂ ಇಲ್ಲಿದ್ದೀರಿ. ಭಾನುವಾರದ ನಿದ್ದೆ ಬಿಟ್ಟು ಬಂದವರ ಹೊತ್ತು ಹಾಳು ಮಾಡಬಾರದು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಒಂದು ದೇಶ ದೇಶ ಅನ್ನಿಸಿಕೊಳ್ಳಲು ಏನೇನು ಬೇಕು? ಬಾವುಟ ಬೇಕು, ನಾಣ್ಯ ಬೇಕು, ಅಂಚೆಚೀಟಿ ಬೇಕು, ಪೊಲೀಸು, ಸೈನ್ಯ, ಸುಂಕದಕಟ್ಟೆ ಎಲ್ಲ ಬೇಕು. ಸರಿ, ಇಷ್ಟೂ ಇದೆ ಎಂದಿಟ್ಟುಕೊಳ್ಳಿ. ಆದರೂ ಜಗತ್ತಿನಲ್ಲಿ ಯಾರೂ ‘ನೀನೊಂದು ದೇಶ’ ಎಂದು ಒಪ್ಪದಿದ್ದರೆ? ಅಲ್ಲಿ ಹುಟ್ಟಿದ ಮಗು ಯಾವ ದೇಶದ ಪ್ರಜೆ?

ಇದು ಒಗಟಲ್ಲ. ಇಂಥ ನೆಲ ಇವತ್ತಿಗೂ ಇದೆ. ಯುರೋಪಿನ ಮೂಲೆಯಲ್ಲಿ, ಉಕ್ರೇನಿನ ಪಕ್ಕದಲ್ಲಿ ಮಾಲ್ಡೋವಾ ಎಂಬ ಸಣ್ಣ ದೇಶವಿದೆ. ಅದರೊಳಗೆ ನೀಸ್ಟರ್ ನದಿಯ ಆಚೆ ದಡದಲ್ಲಿ ಟ್ರಾನ್ಸ್‌ನಿಸ್ಟ್ರಿಯಾ ಎಂಬ ಪಟ್ಟಿಯಷ್ಟು ನೆಲ. ಅದು 1990ರ ಸೆಪ್ಟೆಂಬರಿನಲ್ಲಿ ‘ನಾನೇ ಬೇರೆ’ ಎಂದು ಸಾರಿಕೊಂಡಿತು. ಈ ಒಡಕಿಗೆ ಕಾರಣವಾದ ಸಂಗತಿಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತೆ? ಭಾಷೆ! 1989ರಲ್ಲಿ ಮಾಲ್ಡೋವಾ ತನ್ನ ಜನರ ಭಾಷೆಯನ್ನು ರಾಜ್ಯಭಾಷೆ ಮಾಡಿ, ರಷ್ಯನ್ ಅಕ್ಷರ ಬಿಟ್ಟು ಲ್ಯಾಟಿನ್ ಅಕ್ಷರದಲ್ಲಿ ಬರೆಯಬೇಕೆಂದು ಕಾಯಿದೆ ತಂದಿತು. ಆಚೆ ದಡದ ರಷ್ಯನ್ ಮಾತಿನವರು ಬೆದರಿದರು. 1992ರಲ್ಲಿ ಯುದ್ಧವೇ ಆಯಿತು. ಅಲ್ಲಿಂದೀಚೆಗೆ ಆ ನೆಲಕ್ಕೆ ತನ್ನದೇ ಬಾವುಟ, ತನ್ನದೇ ರೂಬಲ್, ತನ್ನದೇ ಪಾಸ್‌ಪೋರ್ಟ್. ವಿಶ್ವಸಂಸ್ಥೆಯ ಒಂದು ಸದಸ್ಯ ರಾಷ್ಟ್ರವೂ ಅದನ್ನು ದೇಶವೆಂದು ಒಪ್ಪಿಲ್ಲ. ಆ ಪಾಸ್‌ಪೋರ್ಟ್ ತೋರಿಸಿದರೆ ಯಾವ ವಿಮಾನ ನಿಲ್ದಾಣದಲ್ಲೂ ಬಾಗಿಲು ತೆರೆಯದು. ಹಾಗಾಗಿ ಜನ ಮಾಲ್ಡೋವಾದ್ದೋ ರಷ್ಯಾದ್ದೋ ಇನ್ನೊಂದು ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಫುಟ್‌ಬಾಲ್ ಹುಚ್ಚಿರುವವರು ಶೆರಿಫ್ ತಿರಾಸ್ಪೋಲ್ ಹೆಸರು ಕೇಳಿರಬೇಕು. 2021ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಮನೆಯಂಗಳದಲ್ಲೇ ಸೋಲಿಸಿದ ತಂಡ. ಅದು ತಿರಾಸ್ಪೋಲಿನದು, ಅಂದರೆ ಟ್ರಾನ್ಸ್‌ನಿಸ್ಟ್ರಿಯಾದ್ದು. ಆದರೆ ಮೈದಾನಕ್ಕಿಳಿದದ್ದು ಮಾಲ್ಡೋವಾದ ಚಾಂಪಿಯನ್ ಎಂಬ ಹೆಸರಿನಲ್ಲಿ!

ಇನ್ನೊಂದು ಸಂಗತಿ ಕೇಳಿ. ಅಲ್ಲಿ ಮಾಲ್ಡೋವನ್ ಭಾಷೆಗೂ ಅಧಿಕೃತ ಸ್ಥಾನವಿದೆ. ಆದರೆ ಹಳೆಯ ರಷ್ಯನ್ ಅಕ್ಷರದಲ್ಲೇ ಬರೆಯಬೇಕು. ಲ್ಯಾಟಿನ್ ಅಕ್ಷರ ಕಲಿಸುತ್ತಿದ್ದ ಶಾಲೆಗಳ ಮೇಲೆ 2004ರಲ್ಲಿ ಪೊಲೀಸರನ್ನು ಬಿಟ್ಟು ಬಾಗಿಲು ಹಾಕಿಸಿದರು. ಮಕ್ಕಳೂ ಹೆತ್ತವರೂ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2012ರಲ್ಲಿ ಗೆದ್ದರು. ಆ ನೆಲದ ಮೇಲೆ ಹಿಡಿತವಿಟ್ಟುಕೊಂಡಿದ್ದ ರಷ್ಯಾವನ್ನು ನ್ಯಾಯಾಲಯ ಹೊಣೆ ಮಾಡಿತು. ಅಕ್ಷರ ಕಲಿಯಲು ಮಗು ಕೋರ್ಟಿಗೆ ಹೋಗಬೇಕಾದ ನೆಲ ಅದು.

ಇಷ್ಟು ದೂರ ನಿಮ್ಮನ್ನು ಯಾಕೆ ಕರೆದುಕೊಂಡು ಹೋದೆ ಅಂದರೆ, ಇಂಥದೊಂದು ‘ದೇಶ’ ನಮ್ಮ ಕರ್ನಾಟಕದ ನೆಲದ ಮೇಲೆಯೇ ಇತ್ತು. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದ ಕನ್ನಡಿಗರು ಅದರಲ್ಲಿ ಹದಿಮೂರು ತಿಂಗಳು ಬದುಕಿದರು. ನಮ್ಮ ಹಳೆ ಮೈಸೂರು ಸೀಮೆಯ ಮಕ್ಕಳಿಗೆ ಆ ಕಥೆ ಗೊತ್ತೇ ಇಲ್ಲ. ಆಗಸ್ಟ್ 15 ಗೊತ್ತು, ನವೆಂಬರ್ 1 ಗೊತ್ತು. ಸೆಪ್ಟೆಂಬರ್ 17 ಏನೆಂದು ಕೇಳಿ, ತಲೆ ಕೆರೆದುಕೊಳ್ಳುತ್ತಾರೆ.

ಬ್ರಿಟಿಷರು ಹೊರಡುವ ಹೊತ್ತಿಗೆ, 1947ರ ಜೂನ್‌ನಲ್ಲಿ, ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ, ಸ್ವತಂತ್ರ ದೊರೆ ಎಂದು ಫರ್ಮಾನು ಹೊರಡಿಸಿದ. ಅದೇನು ಪುಟ್ಟ ಪಾಳೆಯಪಟ್ಟಲ್ಲ. ಸುಮಾರು 82 ಸಾವಿರ ಚದರ ಮೈಲಿ ನೆಲ, 1 ಕೋಟಿ 60 ಲಕ್ಷಕ್ಕೂ ಹೆಚ್ಚು ಜನ, 16 ಜಿಲ್ಲೆ. ಅದರಲ್ಲಿ ತೆಲುಗಿನವು 8, ಮರಾಠಿಯವು 5, ಕನ್ನಡದವು 3. ದೇಶಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿತ್ತು. ನಿಜಾಮನ ರೈಲು, ನಿಜಾಮನ ಅಂಚೆ, ನಿಜಾಮನ ಸೈನ್ಯ. ಹಾಲಿ ಸಿಕ್ಕಾ ಎಂಬ ಸ್ವಂತ ರೂಪಾಯಿ. ಅಂಥ 7 ರೂಪಾಯಿ ಕೊಟ್ಟರೆ ಬ್ರಿಟಿಷ್ ಭಾರತದ 6 ರೂಪಾಯಿ. ಗಡಿಯಲ್ಲಿ ಕರೋಡಗಿರಿ ನಾಕೆ, ಅಂದರೆ ಸುಂಕದಕಟ್ಟೆ.

ಆ ಕಾಲದಲ್ಲಿ ಗುಬ್ಬಿಯ ಅಡಿಕೆ ವ್ಯಾಪಾರಿಯೊಬ್ಬ ರೈಲು ಹತ್ತಿ ಕೊಪ್ಪಳಕ್ಕೆ ಹೊರಟ ಎಂದುಕೊಳ್ಳಿ. ಹತ್ತುವಾಗ ಮೈಸೂರು ಮಹಾರಾಜರ ಸೀಮೆ. ಹುಬ್ಬಳ್ಳಿ, ಗದಗ ಬಂದರೆ ಮುಂಬಯಿ ಸರ್ಕಾರ. ಕೊಪ್ಪಳದಲ್ಲಿ ಇಳಿದರೆ ನಿಜಾಮ! ಹಂಪಿಯಲ್ಲಿ ನಿಂತು ನೋಡಿ. ಈ ದಡ ಮದರಾಸು ಸರ್ಕಾರದ್ದು, ಹರಿಗೋಲಿನಲ್ಲಿ ದಾಟಿ ಆನೆಗೊಂದಿಗೆ ಕಾಲಿಟ್ಟರೆ ಅದು ನಿಜಾಮನ ಸೀಮೆ. ವಿಜಯನಗರದ ಒಂದೇ ಊರನ್ನು ನಡುವೆ ಸೀಳಿದ್ದರು. ಎರಡೂ ದಡದಲ್ಲಿ ತಾಯಂದಿರು ಮಗು ತೂಗುತ್ತಿದ್ದದ್ದು ಮಾತ್ರ ಕನ್ನಡದಲ್ಲಿ.

ಈಗ ಮುಖ್ಯ ಪ್ರಶ್ನೆ. ಆ ‘ದೇಶ’ದ ಪ್ರಜೆ ಯಾರು?

ಅದಕ್ಕೊಂದು ಪದವಿತ್ತು: ಮುಲ್ಕಿ. ಮಂಗಳೂರಿನ ಹತ್ತಿರದ ಮೂಲ್ಕಿ ಊರಲ್ಲ. ಮುಲ್ಕ್ ಅಂದರೆ ನಾಡು, ಮುಲ್ಕಿ ಅಂದರೆ ನಾಡಿನವನು. ಉತ್ತರ ಹಿಂದುಸ್ತಾನದಿಂದ ಬಂದವರೇ ದೊಡ್ಡ ಕುರ್ಚಿಗಳನ್ನೆಲ್ಲ ಹಿಡಿಯುತ್ತಿದ್ದಾರೆ ಎಂಬ ಸಿಟ್ಟು ಬಹಳ ದಿನಗಳಿಂದ ಅಲ್ಲಿತ್ತು. ಅದಕ್ಕಾಗಿ ನಿಜಾಮನ ಸರ್ಕಾರ 1919ರಲ್ಲಿ ಮುಲ್ಕಿ ನಿಯಮಗಳನ್ನು ಗಟ್ಟಿ ಮಾಡಿತು. ಹೊರಗಿನವನು ಮುಲ್ಕಿ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 15 ವರ್ಷ ಅಲ್ಲಿ ನೆಲೆಸಿರಬೇಕು, ಹಿಂದಿನ ಊರಿಗೆ ಮರಳುವ ಆಲೋಚನೆ ಬಿಟ್ಟಿದ್ದೇನೆ ಎಂದು ಬರೆದುಕೊಡಬೇಕು. ಕೆಲಸ ಮುಲ್ಕಿಗಳಿಗೆ. ಕೇಳಲು ಎಷ್ಟು ನ್ಯಾಯವಾಗಿದೆ ನೋಡಿ! ನಾವೂ ಇದನ್ನೇ ಅಲ್ಲವೆ ಕೇಳುತ್ತಿರುವುದು?

ಹಾಗಿದ್ದರೆ ಸೇಡಂನ, ಸಿಂಧನೂರಿನ ಕನ್ನಡದ ಹುಡುಗ ಮುಲ್ಕಿಯಾಗಿದ್ದೂ ಯಾಕೆ ಪರದೇಶಿಯಾದ? ಕಾಗದದ ಮೇಲೆ ಅವನು ನಾಡಿನವನು. ಕಚೇರಿಯೊಳಗೆ ಹೋದರೆ ಅವನ ನಾಲಿಗೆಗೆ ಬೆಲೆಯಿಲ್ಲ. ಆಡಳಿತ ಉರ್ದುವಿನಲ್ಲಿ, ನ್ಯಾಯಾಲಯ ಉರ್ದುವಿನಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂಗ್ಲಿಷನ್ನು ಪಕ್ಕಕ್ಕಿಟ್ಟು ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಮೊದಲ ವಿಶ್ವವಿದ್ಯಾಲಯ ಅದು. ದೇಶಭಾಷೆಯಲ್ಲಿ ವಿಜ್ಞಾನ, ವೈದ್ಯ ಎಲ್ಲ ಕಲಿಸಬಹುದೆಂದು ತೋರಿಸಿದ್ದಕ್ಕೆ ನಾವು ಕೈಮುಗಿಯಬೇಕು. ಆದರೆ ಆ ದೇಶಭಾಷೆ ಯಾರ ಮನೆಯದು? ಉರ್ದು ಮಾತಾಡುತ್ತಿದ್ದವರು ನೂರಕ್ಕೆ ಹನ್ನೆರಡರಷ್ಟು ಜನ. ಮಿಕ್ಕ ತೆಲುಗರು, ಮರಾಠಿಗರು, ಕನ್ನಡಿಗರು ತಮ್ಮ ಮಾತನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಉರ್ದು ಚಂದದ ಭಾಷೆ. ತಪ್ಪು ಭಾಷೆಯದಲ್ಲ. ಒಬ್ಬರ ಭಾಷೆಯನ್ನು ಎಲ್ಲರ ಬೀಗದ ಕೈ ಮಾಡಿದ ಆಡಳಿತದ್ದು. ಈ ಮಾತು ಉರ್ದುವಿಗೆ ಎಷ್ಟೋ, ಇಂಗ್ಲಿಷಿಗೆ, ಹಿಂದಿಗೆ ಅಷ್ಟೇ. ನಾಳೆ ಕನ್ನಡಕ್ಕೂ ಅಷ್ಟೇ.

ಅಂಥ ಕಾಲದಲ್ಲಿ ಕನ್ನಡಿಗರು ಏನು ಮಾಡಿದರು? ಮೊದಲು ಶಾಲೆ ಕಟ್ಟಿದರು. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಶಾಲೆ ಕಟ್ಟಿ ಅದಕ್ಕೆ ‘ಹಮ್‌ದರ್ದ್’ ಎಂದು ಉರ್ದು ಹೆಸರಿಟ್ಟರು. ನೋವಿನಲ್ಲಿ ಜೊತೆಗಾರ ಎಂದು ಅದರ ಅರ್ಥ. ಆಮೇಲೆ ಸಮ್ಮೇಳನ ಕರೆದರು. 1928ರಲ್ಲಿ ಕಲಬುರಗಿ, 1934ರಲ್ಲಿ ರಾಯಚೂರು, 1941ರಲ್ಲಿ ನಿಜಾಮನ ರಾಜಧಾನಿ ಹೈದರಾಬಾದಿನಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ! 1928ರ ಕಲಬುರಗಿ ಸಮ್ಮೇಳನದ ಅಧ್ಯಕ್ಷರು ಯಾರು? ಬಿ.ಎಂ.ಶ್ರೀಕಂಠಯ್ಯನವರು. ಎಲ್ಲಿ ಹುಟ್ಟಿದವರು? ನಮ್ಮ ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ! ಮಹಾರಾಜರ ಪ್ರಜೆಯೊಬ್ಬ ನಿಜಾಮನ ಪ್ರಜೆಗಳ ನಡುವೆ ನಿಂತು ‘ನಾವೆಲ್ಲ ಕನ್ನಡಿಗರು’ ಎನ್ನುವಂತಾಯಿತು. ಯಾವ ದೊರೆಯ ಮುದ್ರೆಯೂ ಇಲ್ಲದ ಒಂದು ನಾಡು ಅಲ್ಲಿ ಆಗಲೇ ಇತ್ತು. ಅದಕ್ಕೆ ಮಾನ್ಯತೆ ಕೊಟ್ಟಿದ್ದು ಜನ.

ಈಗ ಆ ಹದಿಮೂರು ತಿಂಗಳು. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಹಿಡಿದ ಸ್ವಾಮಿ ರಾಮಾನಂದ ತೀರ್ಥರು ಜೈಲಿಗೆ. ಅವರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು. ನವೆಂಬರ್ 29ರಂದು ಭಾರತದ ಜೊತೆ ನಿಜಾಮ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. ಶಾಯಿ ಆರುವ ಮೊದಲೇ ಭಾರತದ ರೂಪಾಯಿ ತನ್ನ ಸೀಮೆಯಲ್ಲಿ ನಡೆಯದು ಎಂದ, ಪಾಕಿಸ್ತಾನಕ್ಕೆ 20 ಕೋಟಿ ಸಾಲ ಕೊಟ್ಟ. ಇತ್ತ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಹಳ್ಳಿಯಲ್ಲಿ ಹರಿದ ನೆತ್ತರನ್ನು ಆ ಸೀಮೆಯ ಹಿರಿಯರು ಇಂದಿಗೂ ಮರೆತಿಲ್ಲ. ಗಡಿಯ ಈಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಯಂಥವರು ಊರು ಬಿಟ್ಟು ಬಂದು ಹುಡುಗರನ್ನು ಕಟ್ಟಿದರು. ನಿಮ್ಮ ವಯಸ್ಸಿನ ಹುಡುಗರು!

ಇಲ್ಲೊಂದು ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಶೋಯೆಬುಲ್ಲಾ ಖಾನ್. ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ. ಹೈದರಾಬಾದು ಭಾರತಕ್ಕೆ ಸೇರಬೇಕು, ರಜಾಕಾರರ ಹಾವಳಿ ನಿಲ್ಲಬೇಕು ಎಂದು ಬರೆದ. 1948ರ ಆಗಸ್ಟಿನಲ್ಲಿ ಅವನನ್ನು ಕೊಂದರು. ಆ ಕಾಲದ ಜಗಳವನ್ನು ಹಿಂದೂ ಮುಸ್ಲಿಂ ಜಗಳ ಎಂದು ಸಲೀಸಾಗಿ ಹೇಳಿ ಮುಗಿಸುವವರು ಈ ಸಾವಿಗೆ ಏನು ಉತ್ತರ ಕೊಡುತ್ತಾರೆ?

1948ರ ಆಗಸ್ಟ್ 21ರಂದು ನಿಜಾಮನ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಯಾವ ದೇಶವೂ ಅದನ್ನು ಸ್ವತಂತ್ರ ರಾಷ್ಟ್ರವೆಂದು ಮಾನ್ಯ ಮಾಡಲಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ನುಗ್ಗಿತು, 17ಕ್ಕೆ ಎಲ್ಲ ಮುಗಿಯಿತು. ಐದೇ ದಿನ! ಸೈನ್ಯ ಕಡಿಮೆ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣವಿದೆ. ಆ ದೇಶ ತನ್ನದೆಂದು ಹೆಚ್ಚಿನ ಜನಕ್ಕೆ ಅನ್ನಿಸಿರಲೇ ಇಲ್ಲ. ವಿಶ್ವಸಂಸ್ಥೆಯ ಮಾನ್ಯತೆ ಸಿಗಲಿಲ್ಲ ಎಂಬುದು ಆಮೇಲಿನ ಮಾತು. ಬಾಗಿಲಲ್ಲಿ ನಿಂತ ಪ್ರಜೆಯ ಮಾತಿಗೆ ಮಾನ್ಯತೆ ಕೊಡದ ದೇಶಕ್ಕೆ ಮನೆಯೊಳಗಿನ ಮಾನ್ಯತೆಯೇ ಇರಲಿಲ್ಲ.

ನಾವು ಮೈಸೂರಿನವರು ಬೀಗಬೇಕಾಗಿಲ್ಲ. 1947ರ ಆಗಸ್ಟ್ 9ರಂದು ನಮ್ಮ ಮಹಾರಾಜರು ಭಾರತ ಸೇರುವ ಪತ್ರಕ್ಕೆ ಸಹಿ ಹಾಕಿದರು, ಸರಿ. ಆದರೆ ಆಗಸ್ಟ್ 15 ಕಳೆದರೂ ತುಮಕೂರಿನ ಮನುಷ್ಯ ದೊರೆಯ ಪ್ರಜೆಯೇ. ಜವಾಬ್ದಾರಿ ಸರ್ಕಾರ ಕೊಡಿ ಎಂದು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಏಳಬೇಕಾಯಿತು, ವಿದ್ಯಾರ್ಥಿಗಳು ಬೀದಿಗೆ ಬರಬೇಕಾಯಿತು. ಅಕ್ಟೋಬರಿನಲ್ಲಿ ಕೆ.ಸಿ.ರೆಡ್ಡಿಯವರು ಮುಖ್ಯಮಂತ್ರಿಯಾದರು. ಪ್ರಜೆ ಎಂಬ ನಮ್ಮ ಪದವನ್ನೇ ನೋಡಿ. ಪ್ರಜೆ ಅಂದರೆ ಸಂತಾನ, ದೊರೆಯ ಮಕ್ಕಳು. ಆ ಪದದ ಮುಂದೆ ಪ್ರಭುತ್ವ ಸೇರಿದಾಗ ಮಕ್ಕಳೇ ಒಡೆಯರಾದರು. 1950ರ ಜನವರಿ 26ರಂದು ಗುಬ್ಬಿಯವನೂ, ಗಂಗಾವತಿಯವನೂ ಒಂದೇ ದಿನ ಆ ಪದವನ್ನು ಮೈಮೇಲೆ ಹಾಕಿಕೊಂಡರು. ಒಂದೇ ರಾಜ್ಯದವರಾಗಲು ಮಾತ್ರ 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಗೆಳೆಯರೆ, ಇಲ್ಲಿಗೆ ಮುಗಿಸಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಆದರೆ ಅರ್ಧ ಕಥೆ ಹೇಳಿ ಹೋಗಲಾರೆ. ಸೆಪ್ಟೆಂಬರ್ 17 ಆದ ಮೇಲೆ ಏನಾಯಿತು? ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದ ಮುಸ್ಲಿಮರ ಮೇಲೆ ತಿರುಗಿತು. ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತು. ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಸಮಿತಿ ಅಂದಾಜು ಮಾಡಿತು. ಹೆಚ್ಚು ನರಳಿದ ಜಿಲ್ಲೆಗಳ ಸಾಲಿನಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ನಮ್ಮ ಕಲಬುರಗಿ, ಬೀದರ್ ಇದ್ದವು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಸತ್ತವರು ಯಾರು? ಅದೇ ಸಂತೆಯಲ್ಲಿ ಅದೇ ಜೋಳ ಕೊಂಡವರು, ನಮ್ಮ ಮಾತು ಬಲ್ಲವರು, ನಮ್ಮ ನೆಲದವರು. ಮೊನ್ನೆಯವರೆಗೆ ನಮಗೆ ಮಾನ್ಯತೆ ಇಲ್ಲ ಎಂದು ಅಳುತ್ತಿದ್ದವರು ಮರುದಿನವೇ ಪಕ್ಕದವನ ಮಾನ್ಯತೆ ಕಿತ್ತುಕೊಂಡರೆ ಅದಕ್ಕೆ ವಿಮೋಚನೆ ಎಂದು ಹೇಗೆ ಹೇಳೋಣ? ಸೆಪ್ಟೆಂಬರ್ 17ನ್ನು ಆಚರಿಸೋಣ. ಗೋರ್ಟಾವನ್ನು ನೆನೆಯುವಾಗ ಇವರನ್ನೂ ನೆನೆಯೋಣ.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಕೂಗಿದರು, ಸರ್ಕಾರ ಅದನ್ನು ತಡೆಹಿಡಿಯಿತು. ಆ ಮಸೂದೆಯಲ್ಲಿ ಸ್ಥಳೀಯ ಅಂದರೆ ಯಾರು? ಇಲ್ಲಿ ಹುಟ್ಟಿದವನು, 15 ವರ್ಷ ಇಲ್ಲಿ ನೆಲೆಸಿದವನು, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವನು. 15 ವರ್ಷ! ಮುಲ್ಕಿ ನಿಯಮದ ಅದೇ ಅಂಕಿ! ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮುಲ್ಕಿ ವರ್ಷ ಎಣಿಸಿತು, ನೆಲದ ಜನರ ಮಾತನ್ನು ಕೇಳಲಿಲ್ಲ. ಹದಿನೈದಲ್ಲ, ಐವತ್ತು ವರ್ಷ ಇದ್ದರೂ ಅಧಿಕಾರಿ ಕನ್ನಡ ಕಲಿಯಬೇಕಿರಲಿಲ್ಲ. ನಮ್ಮ ಬೇಡಿಕೆಯ ಜೀವ ಇರುವುದು ವರ್ಷದಲ್ಲಲ್ಲ, ಭಾಷೆಯಲ್ಲಿ. ಹುಟ್ಟು ಯಾರ ಕೈಯಲ್ಲೂ ಇಲ್ಲ. ಧರ್ಮ, ಜಾತಿ, ಮನೆಮಾತು ಕೇಳಿ ಪಡೆದದ್ದಲ್ಲ. ಕಲಿಕೆ ಮಾತ್ರ ಯಾರಿಗೂ ತೆರೆದ ಬಾಗಿಲು.

ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಲ್ಲಿ ನಮ್ಮೂರ ಹುಡುಗರಿಗೆ ಎಷ್ಟು ಕೆಲಸ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ವಸಂತನರಸಾಪುರದಲ್ಲಿ, ಕುಣಿಗಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೇಳಿ. ಜಮೀನು ಕೊಟ್ಟ ನಾಡಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳೋಣ. ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬರುವವರ ಕನ್ನಡ ಕೇಳಿ ನಾವು ನಗುತ್ತೇವೆಯೋ ಇಲ್ಲವೋ? ‘ಅವರಿಗೆ 371ಜೆ ಇದೆ, ಬೇರೆ ಮೀಸಲಾತಿ ಇದೆ’ ಎಂದು ಮೂಗು ಮುರಿಯುತ್ತೇವೆಯೋ ಇಲ್ಲವೋ? 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿ ತಂದು ಆ ವಿಧಿ ಸೇರಿಸಿದ್ದು ಯಾಕೆ? ಶಾಲೆಯಲ್ಲಿ, ಕಚೇರಿಯಲ್ಲಿ ತಲೆಮಾರುಗಟ್ಟಲೆ ಹೊರಗುಳಿದವರ ಸಾಲ ಅದು. ಸಾಲ ತೀರಿಸುವುದನ್ನು ದಾನ ಎಂದು ಕರೆಯಬೇಡಿ.

ಹಾಗೆಯೇ ನಮ್ಮ ತುಮಕೂರಿನಲ್ಲಿ ಉರ್ದು ಮನೆಮಾತಿನವರಿದ್ದಾರೆ, ಪಾವಗಡದಲ್ಲಿ ತೆಲುಗು ಮನೆಮಾತಿನವರಿದ್ದಾರೆ. ಅವರ ಕನ್ನಡತನಕ್ಕೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ. ಕಾಸರಗೋಡಿನ ಕನ್ನಡಿಗ ಕೇರಳದಲ್ಲಿ ತನ್ನ ಮಗುವಿಗೆ ಕನ್ನಡ ಶಾಲೆ ಬೇಕೆಂದು ಸಂವಿಧಾನದ 350ಎ ವಿಧಿ ತೋರಿಸಿ ಕೇಳುತ್ತಾನೆ. ನಾವು ಅವನ ಬೆನ್ನಿಗೆ ನಿಲ್ಲುತ್ತೇವೆ. ಅದೇ ವಿಧಿಯನ್ನು ಇಲ್ಲಿಯ ಉರ್ದು ಶಾಲೆಯ ಮಗು ತೋರಿಸಿದಾಗ ಮುಖ ತಿರುಗಿಸಿದರೆ ನಮ್ಮ ಮಾತಿಗೆ ಕಿಮ್ಮತ್ತು ಉಳಿಯುತ್ತದೆಯೆ?

ಕೊನೆಯದಾಗಿ ಕೆಲಸದ ಮಾತು. ಕಾಗದದಲ್ಲಿ ನಮಗೆಲ್ಲ ಪೌರತ್ವ ಇದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ! ಬ್ಯಾಂಕಿನ ಕಿಟಕಿಯಲ್ಲಿ ಕನ್ನಡದಲ್ಲಿ ಬರೆದ ಚಲನ್ ಹಿಂದಕ್ಕೆ ಬಂದಾಗ, ರೈಲ್ವೆ ಕೌಂಟರಿನಲ್ಲಿ ಅಜ್ಜಿಯೊಬ್ಬಳು ಪಿಳಿಪಿಳಿ ನೋಡುತ್ತ ನಿಂತಾಗ ಅವರು ತಮ್ಮ ಊರಲ್ಲೇ ಮಾನ್ಯತೆ ಇಲ್ಲದ ದೇಶದ ಪ್ರಜೆಗಳಾಗುತ್ತಾರೆ. ಅಂಥ ಕಡೆ ನೀವು ನಿಲ್ಲಬೇಕು. ಕಲ್ಲು ಹಿಡಿದು ಬೇಡ, ಪೆನ್ನು ಹಿಡಿದು ನಿಲ್ಲಿ. ದೂರು ಬರೆಯಿರಿ, ನಕಲು ಇಟ್ಟುಕೊಳ್ಳಿ, ಉತ್ತರ ಬರುವ ತನಕ ಬೆನ್ನು ಬಿಡಬೇಡಿ. ಎರಡನೆಯದು, ಕಾರ್ಖಾನೆಯ ಶೆಡ್ಡುಗಳಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದಾರೆ. ವಾರಕ್ಕೆ ಎರಡು ಸಂಜೆ ಅವರಿಗೆ ಕನ್ನಡ ಕಲಿಸಿ. ‘ಕನ್ನಡ ಕಲಿ’ ಎಂದು ಗೋಡೆಯ ಮೇಲೆ ಬರೆಯುವುದು ಸುಲಭ, ಕಲಿಸಲು ಕೂರುವುದು ಕಷ್ಟ. ಕಷ್ಟದ್ದನ್ನೇ ಮಾಡಿ.

ನಾಡು ಅನ್ನುವುದು ಮೇಲಿನಿಂದ ಬೀಳುವ ಮುದ್ರೆಯಲ್ಲ. ನಿಜಾಮನ ಹತ್ತಿರ ಮುದ್ರೆ ಬೇಕಾದಷ್ಟಿತ್ತು. ಅವನಲ್ಲಿ ಇಲ್ಲದಿದ್ದದ್ದು ಪಕ್ಕದಲ್ಲಿ ನಿಂತವನ ಮಾತಿಗೆ ಕಿವಿ. ನಮಗೀಗ ನಾಡು ಇದೆ. ಕಿವಿ ಇದೆಯೋ ಇಲ್ಲವೋ, ಅದನ್ನು ನೀವು ತೋರಿಸಿಕೊಡಬೇಕು.